ಎಷ್ಟು ಗಾಡಿ, ಎಂಥ ಗಾಡಿ: ಮಲೆನಾಡಿನ ಆಫ್‌ರೋಡ್ ಪಯಣಗಳ ಒಂದು ಹೋಲಿಕೆ

ಸಕಲೇಶಪುರ, ಮೂಡಿಗೆರೆ ಮತ್ತು ಕೊಡಗಿನ ಕಡೆ ವಾರಾಂತ್ಯಗಳಲ್ಲಿ ಏರ್ಪಡಿಸುವ ಆಫ್‌ರೋಡ್ (ಡಾಂಬರಿಲ್ಲದ ಕಚ್ಚಾ ದಾರಿಯ) ಪಯಣಗಳ ಪ್ರಕಟಣೆಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಯಾವುದೇ ಫೋರ್ ಬೈ ಫೋರ್, ಅಂದರೆ ಎಂಜಿನ್ ಬಲ ನಾಲ್ಕೂ ಚಕ್ರಗಳಿಗೆ ಹೋಗುವ, ಗಾಡಿ ತರಬಹುದು ಎಂಬುದು ಒಂದು. ಇಪ್ಪತ್ತು, ಇಪ್ಪತ್ತೈದು ಗಾಡಿಗಳವರೆಗೂ ಅವಕಾಶವಿದೆ ಎಂಬುದು ಇನ್ನೊಂದು. ಎರಡೂ ಕೇಳಲು ಉದಾರವಾಗಿವೆ, ಆದರೆ ಎರಡನ್ನೂ ಒಟ್ಟಿಗೆ ಒಪ್ಪಿಕೊಂಡ ಪಯಣ ಚೆನ್ನಾಗಿ ನಡೆದದ್ದನ್ನು ನಾನು ಕಂಡಿಲ್ಲ. ಬಗೆಬಗೆಯ ಗಾಡಿಗಳ ದೊಡ್ಡ ಗುಂಪು, ಒಂದೇ ಮಾದರಿಯ ದೊಡ್ಡ ಗುಂಪು, ಒಂದೇ ಮಾದರಿಯ ಸಣ್ಣ ಗುಂಪು, ಬಗೆಬಗೆಯ ಗಾಡಿಗಳ ಸಣ್ಣ ಗುಂಪು ಹೀಗೆ ನಾಲ್ಕೂ ರೀತಿಯಲ್ಲಿ ಹೋಗಿ ಬಂದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ಗಾಡಿಗಳ ವೈವಿಧ್ಯ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಗುಂಪಿನ ಗಾತ್ರವೇ ತೀರ್ಮಾನಿಸುತ್ತದೆ. ಆರು ಗಾಡಿಗಳ ಗುಂಪಿಗೆ ಬಲವಾಗುವ ವೈವಿಧ್ಯವೇ ಇಪ್ಪತ್ತು ಗಾಡಿಗಳ ಗುಂಪಿಗೆ ಹೊರೆಯಾಗುತ್ತದೆ.

ಇದಕ್ಕೆ ಮುಖ್ಯ ಕಾರಣ ಇಲ್ಲಿಯ ನೆಲ. ಈ ಪಯಣಗಳು ನಡೆಯುವುದು, ನಡೆಯಬೇಕಾದದ್ದು, ಖಾಸಗಿ ಕಾಫಿ ಎಸ್ಟೇಟುಗಳ ಒಳದಾರಿಗಳಲ್ಲಿ ಮತ್ತು ಮಾಲೀಕರ ಒಪ್ಪಿಗೆಯ ಮೇಲೆ. ಮೀಸಲು ಅರಣ್ಯದೊಳಕ್ಕೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು ಅಪರಾಧ, ಮತ್ತು ಹಾಗೆ ಮಾಡುವ ಗುಂಪಿನ ಜೊತೆ ಎಷ್ಟೇ ಅನುಕೂಲವಿದ್ದರೂ ಹೋಗಬಾರದು. ಎಸ್ಟೇಟಿನ ದಾರಿಗಳು ಗೊಬ್ಬರವನ್ನೂ ಕಾಫಿ ಮೂಟೆಗಳನ್ನೂ ಸಾಗಿಸುವ ಜೀಪು, ಟ್ರ್ಯಾಕ್ಟರುಗಳಿಗಾಗಿ ಕಡಿದವು. ಒಂದು ಬದಿಗೆ ಧರೆ (ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ), ಇನ್ನೊಂದು ಬದಿಗೆ ಕಾಫಿ ಗಿಡಗಳ ಸಾಲು, ನಡುವೆ ಒಂದೇ ಗಾಡಿಗೆ ಸಾಲುವಷ್ಟು ಅಗಲ. ತಿರುಗಿಸಿಕೊಳ್ಳಲು ಜಾಗವಿಲ್ಲದ ಕಾರಣ ಮುಂದಿನದು ಸಿಕ್ಕಿಕೊಂಡರೆ ಹಿಂದಿನವೆಲ್ಲ ನಿಂತಲ್ಲೇ ನಿಲ್ಲಬೇಕು. ಅದರ ಮೇಲೆ ಮಳೆಗೆ ನೆನೆದ ಕೆಂಪು ಜೇಡಿಮಣ್ಣು ಪ್ರತಿ ಚಕ್ರಕ್ಕೂ ಒಂದಿಷ್ಟು ಕಿತ್ತುಕೊಂಡು ಬರುವುದರಿಂದ, ಮೊದಲ ಗಾಡಿ ಹತ್ತಿದ ಏರು ಹತ್ತನೆಯ ಗಾಡಿ ಬರುವಷ್ಟರಲ್ಲಿ ಬೇರೆಯೇ ಏರಾಗಿರುತ್ತದೆ.

ಇನ್ನು ಗಾಡಿಗಳು. ನಮ್ಮಲ್ಲಿ ಇಂಥ ಪಯಣಗಳಿಗೆ ಬರುವ ಗಾಡಿಗಳ ನಡುವಿನ ಅಂತರ ಹೊರಗಿನಿಂದ ಕಾಣುವುದಕ್ಕಿಂತ ಬಹಳ ದೊಡ್ಡದು. 1985ರಲ್ಲಿ ಬಂದು ಈಗ ತಯಾರಿಕೆಯಲ್ಲಿಲ್ಲದ ಮಾರುತಿ ಜಿಪ್ಸಿ ಒಂದು ಟನ್ನಿನ ಆಸುಪಾಸಿನ ಹಗುರ ಗಾಡಿ, ಅಗಲ 1540 ಮಿ.ಮೀ. 2023ರಲ್ಲಿ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಜಿಮ್ನಿಯ ಅಗಲ 1645 ಮಿ.ಮೀ., ತೂಕ ಸುಮಾರು 1200 ಕೆ.ಜಿ. 2020ರ ಥಾರ್ 1820 ಮಿ.ಮೀ. ಅಗಲವಾಗಿದ್ದರೆ, ಫಾರ್ಚೂನರ್ 1855 ಮಿ.ಮೀ. ಅಗಲವಿದ್ದು ಎರಡು ಟನ್ನಿಗೂ ಮೀರಿ ತೂಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನು, ಅಂದರೆ ವೀಲ್‌ಬೇಸನ್ನು ನೋಡಿದರೆ ಥಾರ್ 2450, ಜಿಮ್ನಿ 2590, ಫಾರ್ಚೂನರ್ 2745, ಇಸುಜು ವಿ-ಕ್ರಾಸ್ ಪಿಕಪ್ 3095 ಮಿ.ಮೀ. ಈ ಅಂತರ ಹೆಚ್ಚಿದಷ್ಟೂ ದಿಬ್ಬದ ನೆತ್ತಿಯ ಮೇಲೆ ಗಾಡಿಯ ಹೊಟ್ಟೆ ನೆಲಕ್ಕೆ ತಾಗುವ ಸಂಭವ ಹೆಚ್ಚು. ಎಳೆತದ ವಿಚಾರದಲ್ಲೂ ಹೀಗೆಯೇ. ಫೋರ್ಸ್ ಗೂರ್ಖಾದಲ್ಲಿ ಮುಂದಿನ ಮತ್ತು ಹಿಂದಿನ ಎರಡೂ ಆ್ಯಕ್ಸಲ್‌ಗಳಿಗೆ ಡಿಫ್ ಲಾಕ್, ಅಂದರೆ ಆ್ಯಕ್ಸಲ್‌ನ ಎರಡು ಚಕ್ರಗಳೂ ಒಟ್ಟಿಗೇ ತಿರುಗುವಂತೆ ಬಿಗಿಯುವ ವ್ಯವಸ್ಥೆ, ಕಾರ್ಖಾನೆಯಿಂದಲೇ ಬರುತ್ತದೆ. ಜಿಮ್ನಿಯಲ್ಲಿ ಆ ಲಾಕ್ ಇಲ್ಲ, ಅದು ಗಾಳಿಯಲ್ಲಿ ಸುತ್ತುವ ಚಕ್ರಕ್ಕೆ ಬ್ರೇಕ್ ಹಿಡಿದು ಇನ್ನೊಂದು ಚಕ್ರಕ್ಕೆ ಬಲ ಹರಿಸುತ್ತದೆ. ಒಂದೇ ಹೊಂಡವನ್ನು ಈ ಎರಡು ಗಾಡಿಗಳು ದಾಟುವ ರೀತಿ ಪೂರ್ತಿ ಬೇರೆ.

ಬಗೆಬಗೆಯ ಗಾಡಿಗಳಿರುವ ದೊಡ್ಡ ಗುಂಪಿನಲ್ಲಿ ಈ ಅಂತರಗಳೆಲ್ಲ ಒಂದರ ಮೇಲೊಂದು ಕೂಡುತ್ತವೆ. ಅಗಲದ ಗಾಡಿಗಳು ಹತ್ತಾರು ಹೋದ ಮೇಲೆ ಬೀಳುವ ಕೊರಕಲುಗಳು ಆ ಗಾಡಿಗಳ ಚಕ್ರದ ಅಳತೆಗೇ ಬಿದ್ದಿರುತ್ತವೆ. ಹಿಂದಿನಿಂದ ಬರುವ ಜಿಪ್ಸಿಯ ಎರಡು ಬದಿಯ ಚಕ್ರಗಳು ಎರಡು ಕೊರಕಲುಗಳಲ್ಲಿ ಒಟ್ಟಿಗೆ ಕೂರುವುದಿಲ್ಲ. ಒಂದು ಒಳಗಿಳಿದರೆ ಇನ್ನೊಂದು ಅಂಚಿನ ಮೇಲೆ ಹತ್ತಿ ಗಾಡಿ ವಾಲುತ್ತದೆ, ವಾಲಿದ ಗಾಡಿ ಧರೆಗೋ ಕಾಫಿ ಗಿಡಕ್ಕೋ ಉಜ್ಜುತ್ತದೆ. ಇತ್ತ ಜಿಪ್ಸಿ ಸಲೀಸಾಗಿ ತಿರುಗುವ ತಿರುವಿನಲ್ಲಿ ಉದ್ದದ ಪಿಕಪ್ ಮೂರು ಸಲ ಹಿಂದೆ ಮುಂದೆ ಮಾಡಬೇಕಾಗುತ್ತದೆ. ಕಷ್ಟದ ಒಂದು ಏರಿಗೆ ಗಾಡಿಯೊಂದಕ್ಕೆ ಆರು ನಿಮಿಷ ಹಿಡಿದರೂ ಇಪ್ಪತ್ತು ಗಾಡಿಗೆ ಎರಡು ಗಂಟೆ. ಅಂಥ ಮೂರು ಏರುಗಳಿದ್ದರೆ ಬೆಳಕಿರುವ ಹೊತ್ತಿನ ಅರ್ಧ ಅಲ್ಲಿಯೇ ಕಳೆಯಿತು. ಚಾಲಕರು ತಮ್ಮ ಸರದಿಯ ಕೆಲವೇ ನಿಮಿಷಗಳನ್ನು ಬಿಟ್ಟರೆ ಉಳಿದ ಹೊತ್ತೆಲ್ಲ ಮುಂದಿನ ಗಾಡಿಯ ಬ್ರೇಕ್ ಲೈಟ್ ನೋಡುತ್ತ ಕೂರುತ್ತಾರೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ಕಾಡಾನೆಗಳ ಓಡಾಟ ನಿತ್ಯದ ಸಂಗತಿ. ಸಂಜೆಯಾದ ಮೇಲೂ ಗಾಡಿಗಳ ಸಾಲು ತೋಟದ ನಡುವೆ ಸಿಕ್ಕಿಕೊಂಡಿರುವುದು ಬರೀ ಬೇಸರದ ವಿಷಯವಲ್ಲ, ಅಪಾಯದ ವಿಷಯ. ನಾನು ಹೋಗಿದ್ದ ಇಂಥ ಒಂದು ಪಯಣದಲ್ಲಿ ಎಸ್ಟೇಟಿನ ರೈಟರು (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಸ್ವತಃ ಬೈಕಿನಲ್ಲಿ ಬಂದು, ಇನ್ನು ಮುಂದೆ ಹೋಗುವುದು ಬೇಡ, ಕೆಳಗಿನ ಗೇಟಿನಿಂದಲೇ ಹೊರಟುಬಿಡಿ ಎಂದು ಹೇಳಿ ಕಳುಹಿಸಿದರು. ಅವರು ಮಾಡಿದ್ದು ಸರಿಯಾಗಿಯೇ ಇತ್ತು.

ಒಂದೇ ಮಾದರಿಯ ದೊಡ್ಡ ಗುಂಪು ಇದಕ್ಕಿಂತ ಎಷ್ಟೋ ವಾಸಿ. ಬರುವವೆಲ್ಲ ಥಾರ್‌ಗಳೇ ಆಗಿದ್ದರೆ ಏರ್ಪಡಿಸುವವರು ದಾರಿಯನ್ನು ಆ ಅಳತೆಗೆ ಮೊದಲೇ ಆರಿಸಿರುತ್ತಾರೆ, ಲೋ ರೇಂಜಿಗೆ (ವೇಗ ಕಡಿಮೆ, ಎಳೆಯುವ ಬಲ ಹೆಚ್ಚು ಕೊಡುವ ಗೇರ್ ಜೋಡಣೆಗೆ) ಯಾವಾಗ ಹಾಕಬೇಕು, ಎಷ್ಟನೆಯ ಗೇರ್ ಎಂಬುದನ್ನು ಬೆಳಗ್ಗೆ ಒಂದು ಸಲ ಹೇಳಿದರೆ ಎಲ್ಲರಿಗೂ ಅನ್ವಯಿಸುತ್ತದೆ. ಗಾಡಿ ಎಳೆಯಲು ಹಗ್ಗ ಸಿಕ್ಕಿಸುವ ಹುಕ್ಕು ಎಲ್ಲಿದೆ ಎಂದು ಕೆಸರಿನಲ್ಲಿ ಬಗ್ಗಿ ಹುಡುಕಬೇಕಿಲ್ಲ, ಒಂದು ಗಾಡಿಯ ಸ್ಟೆಪ್ನಿ ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುತ್ತದೆ. ಹೊಸದಾಗಿ ಗಾಡಿ ಕೊಂಡವರಿಗೆ ಮೊದಲ ಪಯಣವಾಗಿ ನಾನು ಇದನ್ನೇ ಹೇಳುತ್ತೇನೆ, ಏಕೆಂದರೆ ತಮ್ಮದೇ ಗಾಡಿಯನ್ನು ಇನ್ನೊಬ್ಬರು ಹೇಗೆ ಹತ್ತಿಸುತ್ತಾರೆ ಎಂದು ಹತ್ತು ಸಲ ನೋಡುವುದರಷ್ಟು ಒಳ್ಳೆಯ ಪಾಠ ಬೇರೆ ಇಲ್ಲ. ಆದರೂ ಗಾತ್ರದ ತೊಂದರೆ ಉಳಿಯುತ್ತದೆ. ಕೊರಕಲು ಎಲ್ಲರಿಗೂ ಒಂದೇ ಅಳತೆಯದಾದರೂ ಆಳವಾಗುತ್ತಲೇ ಹೋಗುತ್ತದೆ. ಮೊದಲು ಹೋದವರು ಸರಾಗವಾಗಿ ದಾಟಿದ ಜಾಗದಲ್ಲಿ ಕೊನೆಯವರನ್ನು ವಿಂಚ್ (ಗಾಡಿಗೆ ಜೋಡಿಸಿದ, ಹಗ್ಗ ಸುತ್ತಿಕೊಂಡು ಎಳೆಯುವ ಯಂತ್ರ) ಹಾಕಿ ಎಳೆಯಬೇಕಾಗುತ್ತದೆ. ಗಾಡಿಗಳೆಲ್ಲ ಒಂದೇ ಆದ್ದರಿಂದ ಒಂದಕ್ಕೆ ಆಗದ ಜಾಗ ಮಿಕ್ಕವಕ್ಕೂ ಕಷ್ಟವೇ. ಸಂಜೆ ಡಾಂಬರು ರಸ್ತೆಗೆ ಬಂದ ಮೇಲೆ, ಕೆಸರಿನಲ್ಲಿ ಹಿಡಿತ ಸಿಗಲೆಂದು ಇಳಿಸಿದ ಗಾಳಿಯನ್ನು ಟೈರುಗಳಿಗೆ ಮತ್ತೆ ತುಂಬಿಸುವ ಕೆಲಸವೂ ಇದೆ. ಸಣ್ಣ ಕಂಪ್ರೆಸರಿನಲ್ಲಿ ಟೈರಿಗೆ ನಾಲ್ಕೈದು ನಿಮಿಷವಾದರೆ ಗಾಡಿಗೆ ಇಪ್ಪತ್ತು ನಿಮಿಷ, ಕಂಪ್ರೆಸರ್ ತಂದವರು ಮೂರ್ನಾಲ್ಕು ಮಂದಿಯೇ ಇದ್ದರೆ ಆ ಸರದಿಯೇ ಒಂದೂವರೆ ಗಂಟೆಗೂ ಮೀರುತ್ತದೆ.

ಒಂದೇ ಮಾದರಿಯ ಸಣ್ಣ ಗುಂಪಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನಾಲ್ಕೈದು ಜಿಪ್ಸಿಗಳು ಜೊತೆಯಾಗಿ ಹೋದರೆ ಬೇರೆ ಗಾಡಿಗಳಿಗೆ ದಕ್ಕದ ಕಿರುದಾರಿಗಳೆಲ್ಲ ದಕ್ಕುತ್ತವೆ, ವೇಗವೂ ಎಲ್ಲರದೂ ಒಂದೇ ಆಗಿರುತ್ತದೆ. ಬಹಳ ವರ್ಷಗಳಿಂದ ಒಬ್ಬರನ್ನೊಬ್ಬರು ಬಲ್ಲ ಚಾಲಕರಿಗೆ ಇದು ಹೇಳಿಮಾಡಿಸಿದಂತಿದೆ. ಏರ್ಪಡಿಸಿದ ಪಯಣವಾಗಿ ಇದು ಸಿಗುವುದು ಅಪರೂಪ, ಅಷ್ಟೇ.

ನನ್ನ ಮನಸ್ಸು ಪೂರ್ತಿ ಒಪ್ಪಿದ್ದು ಬಗೆಬಗೆಯ ಗಾಡಿಗಳ ಸಣ್ಣ ಗುಂಪನ್ನು. ಎರಡು ಥಾರ್, ಒಂದು ಜಿಮ್ನಿ, ಒಂದು ಜಿಪ್ಸಿ, ಒಂದು ಗೂರ್ಖಾ, ಒಂದು ವಿ-ಕ್ರಾಸ್ ಇದ್ದ ಪಯಣವೊಂದರಲ್ಲಿ ದಾರಿಗೆ ಅಡ್ಡಲಾಗಿ ಓರೆಯಾಗಿ ಹಾದುಹೋದ ಚರಂಡಿಯೊಂದನ್ನು ದಾಟಬೇಕಿತ್ತು. ಗೂರ್ಖಾ ಎರಡೂ ಲಾಕ್ ಹಾಕಿಕೊಂಡು, ಒಂದು ಚಕ್ರ ಗಾಳಿಯಲ್ಲಿದ್ದರೂ, ನಡೆದಷ್ಟೇ ನಿಧಾನವಾಗಿ ದಾಟಿತು. ಜಿಮ್ನಿಯ ಸರದಿ ಬಂದಾಗ ಅದರ ಹಿಂದಿನ ಎಡ ಚಕ್ರ ಮೇಲೆದ್ದು ಸುತ್ತತೊಡಗಿತು, ಗಾಡಿ ನಿಂತಿತು. ಎದುರು ನಿಂತು ದಾರಿ ತೋರುತ್ತಿದ್ದ ಸ್ಪಾಟರ್, ಎಸ್ಟೇಟಿನ ಜೀಪು ಓಡಿಸಿ ಕೈ ಪಳಗಿದವರು, ಅಂಗೈ ಅಡ್ಡ ಹಿಡಿದು ಹೇಳಿದರು: "ಸ್ಟೇರಿಂಗ್ ಅಲ್ಲಾಡಿಸ್ಬೇಡಿ ಮೇಡಂ. ಆಕ್ಸಿಲೇಟರ್ ಬಿಡ್ಬೇಡಿ, ಒಂದೇ ಸಮ ಇಟ್ಕೊಳ್ಳಿ, ಬ್ರೇಕು ತಾನೇ ಹಿಡಿಯುತ್ತೆ." ಚಾಲಕಿ ಹಾಗೆಯೇ ಹಿಡಿದಿಟ್ಟರು. ಸುತ್ತುತ್ತಿದ್ದ ಚಕ್ರ ಗರಗರ ಸದ್ದು ಮಾಡಿ ನಿಧಾನವಾಯಿತು, ಬಲಗಡೆಯ ಚಕ್ರ ಮಣ್ಣು ಕಚ್ಚಿತು, ಗಾಡಿ ಮುಂದಕ್ಕೆ ಸರಿಯಿತು. ವಿ-ಕ್ರಾಸ್‌ಗೆ ಅದೇ ಸ್ಪಾಟರ್ ಬೇರೆಯೇ ಗೆರೆ, ಅಂದರೆ ಚಕ್ರಗಳು ಸಾಗಬೇಕಾದ ಜಾಡು, ಕೊಟ್ಟರು: ಚರಂಡಿಗೆ ಆದಷ್ಟು ನೇರವಾಗಿ ಬಂದು, ಹೊಟ್ಟೆ ತಾಗುವ ಜಾಗದಲ್ಲಿ ಎರಡು ಚಪ್ಪಡಿ ಕಲ್ಲು ಇಟ್ಟು ದಾಟಿಸಿದರು. ಆರು ಗಾಡಿಗಳಿದ್ದ ಕಾರಣ ಎಲ್ಲರೂ ಇಳಿದು ಬಂದು ಇದನ್ನು ಹತ್ತಿರದಿಂದ ನೋಡಿದರು, ಪ್ರತಿ ಗಾಡಿಗೂ ಬೇಕಾದಷ್ಟು ಹೊತ್ತು ಸಿಕ್ಕಿತು. ಇಪ್ಪತ್ತು ಗಾಡಿಗಳ ಸಾಲಿನಲ್ಲಿ ಹಿಂದಿದ್ದವರಿಗೆ ಇಂಥದು ಕಾಣುವುದೂ ಇಲ್ಲ, ಗಾಡಿಗೊಂದು ಗೆರೆ ಹುಡುಕುವ ವ್ಯವಧಾನವೂ ಯಾರಿಗೂ ಇರುವುದಿಲ್ಲ.

ಸಿಕ್ಕಿಕೊಂಡ ಗಾಡಿಯನ್ನು ಬಿಡಿಸುವ ವಿಚಾರದಲ್ಲೂ ಮಿತವಾದ ವೈವಿಧ್ಯ ಸಹಾಯಕ್ಕೆ ಬರುತ್ತದೆ. ಹಗುರ ಗಾಡಿ ಕೆಸರಿನ ಮೇಲ್ಪದರದಲ್ಲೇ ದಾಟಿ ಆಚೆ ದಡ ಸೇರಬಲ್ಲದು. ಭಾರದ ಗಾಡಿ ವಿಂಚ್ ಎಳೆಯುವಾಗ ತಾನೇ ಜಾರಿಬರದೆ ನಿಲ್ಲಬಲ್ಲದು. ಎರಡೂ ಇದ್ದ ಗುಂಪು ಹೆಚ್ಚು ಪರದಾಡುವುದಿಲ್ಲ. ಆದರೆ ಇದಕ್ಕೊಂದು ಮಿತಿಯಿದೆ. ಒಂದು ಟನ್ನಿನ ಗಾಡಿಯಿಂದ ಹೂತುಹೋದ ಎರಡು ಟನ್ನಿನ ಗಾಡಿಯನ್ನು ಎಳೆಸಲು ಹೋಗುವುದು ಹಗ್ಗಕ್ಕೂ ಹುಕ್ಕಿಗೂ ಜನರಿಗೂ ಅಪಾಯ. ಹಿಗ್ಗುವ ಕೈನೆಟಿಕ್ ಹಗ್ಗ ಗುಂಪಿನ ಅತಿ ಭಾರದ ಗಾಡಿಗೆ ಸಾಲುವಂಥದ್ದಾಗಿರಬೇಕು, ಹಗ್ಗವನ್ನು ಗಾಡಿಗೆ ಜೋಡಿಸುವ ಕೊಂಡಿಯಾದ ಶ್ಯಾಕಲ್ ಮೇಲೆ ತಾಳಿಕೆಯ ತೂಕ ಅಚ್ಚಾಗಿರಬೇಕು, ಗಾಡಿಯ ಹಿಂದೆ ಟ್ರೈಲರ್ ಕಟ್ಟುವ ಲೋಹದ ಉಂಡೆಗೆ ಹಗ್ಗ ಸಿಕ್ಕಿಸಿ ಎಳೆಯಲೇಬಾರದು. ಆ ಉಂಡೆ ಕಿತ್ತು ಬಂದರೆ ಹಗ್ಗದ ಸೆಳೆತಕ್ಕೆ ಇನ್ನೊಂದು ಗಾಡಿಯ ಗಾಜನ್ನೇ ತೂರಿಕೊಂಡು ಹೋಗಬಲ್ಲದು.

ಸಣ್ಣ ಗುಂಪಿಗೆ ಖರ್ಚು ಹೆಚ್ಚು ಎಂಬುದು ನಿಜ. ಮುಂದೆ ದಾರಿ ತೋರುವ ಲೀಡ್ ಗಾಡಿ, ಕೊನೆಯ ಗಾಡಿ, ಸ್ಪಾಟರ್, ಎಸ್ಟೇಟಿನ ಶುಲ್ಕ ಇವೆಲ್ಲ ಆರು ಮಂದಿಗೂ ಬೇಕು, ಇಪ್ಪತ್ತು ಮಂದಿಗೂ ಬೇಕು. ಹಂಚಿಕೊಳ್ಳುವವರು ಕಡಿಮೆಯಾದಷ್ಟೂ ತಲಾ ಹಣ ಏರುತ್ತದೆ. ತೀರ ಸಣ್ಣದೂ ಸಲ್ಲದು. ಎರಡೇ ಗಾಡಿಗಳಿದ್ದು ಒಂದು ಹೂತುಹೋಗಿ, ಅದನ್ನು ಎಳೆಯಲು ಹೋದದ್ದೂ ಹೂತರೆ ಗತಿಯಿಲ್ಲ. ಆದ್ದರಿಂದ ಮೂರಕ್ಕಿಂತ ಕಡಿಮೆಯಲ್ಲಿ ನಾನು ಹೊರಡುವುದಿಲ್ಲ. ಐದರಿಂದ ಎಂಟರವರೆಗೆ ನನಗೆ ಸರಿ ಕಂಡ ಸಂಖ್ಯೆ. ಇಷ್ಟರೊಳಗಿದ್ದರೆ ಬೆಟ್ಟದ ತಿರುವುಗಳಲ್ಲಿಯೂ ಲೀಡ್ ಗಾಡಿಯ ಮಾತು ಕೊನೆಯ ಗಾಡಿಗೆ ಸಣ್ಣ ವಾಕಿಟಾಕಿಯಲ್ಲೇ ಸಾಮಾನ್ಯವಾಗಿ ಕೇಳಿಸುತ್ತದೆ. 446 ಮೆಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಸೆಟ್ಟುಗಳಿಗೆ 2018ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ತೋಟಗಳ ಒಳಗೆ ಮೊಬೈಲ್ ನಂಬಿ ಕೂರುವಂತಿಲ್ಲ.

ಏರ್ಪಡಿಸುವವರಿಗೆ ಮುಂಗಡ ಕೊಡುವ ಮೊದಲು ಗಾಡಿ ಎಷ್ಟು ಎಂದು ಕೇಳುವುದರ ಜೊತೆಗೆ ಯಾವ ಯಾವ ಗಾಡಿ, ಯಾವ ಕ್ರಮದಲ್ಲಿ ಎಂದೂ ಕೇಳಿರಿ. ಹನ್ನೆರಡಕ್ಕಿಂತ ಹೆಚ್ಚು ಗಾಡಿಗಳು ಸೇರಿದರೆ ಅವುಗಳನ್ನು ಅಳತೆಗೆ ತಕ್ಕಂತೆ ಎರಡು ತಂಡ ಮಾಡಿ, ಬೇರೆ ದಾರಿಯಲ್ಲಿ, ಬೇರೆ ಸ್ಪಾಟರ್ ಜೊತೆ ಕಳುಹಿಸುತ್ತಾರೆಯೇ ಎಂದು ಕೇಳಿರಿ. ಹಾಗೆ ಮಾಡುವವರಲ್ಲಿ ದೊಡ್ಡ ಸಂಖ್ಯೆಯ ಬಗ್ಗೆ ಅಂಜಬೇಕಿಲ್ಲ. ಒಂದೇ ತಂಡದೊಳಗೆ ವಿಂಚ್ ಇರುವ ಒಂದು ಗಾಡಿ ಮುಂದೆ, ಇನ್ನೊಂದು ಕೊನೆಯಲ್ಲಿ ಇರಬೇಕು. ನಡುವೆ ಹಗುರವೂ ಕಿರಿದೂ ಆದವು ಮೊದಲು ಹೋಗಿ, ಉದ್ದವೂ ಭಾರವೂ ಆದವು ಹಿಂದಿನಿಂದ ಬಂದರೆ ಕೊರಕಲು ಆಳವಾಗುವ ಮೊದಲೇ ಜಿಪ್ಸಿ, ಜಿಮ್ನಿಗಳು ಏರು ಮುಗಿಸಿರುತ್ತವೆ.