ನಾಳೆ ಪರೀಕ್ಷೆ: ಇವತ್ತು ಕಾಫಿಯಾ, ಬಿಯರಾ, ಮಾತ್ರೆಯಾ?

ಮಣಿಪಾಲದಲ್ಲೋ ಮಂಗಳೂರಲ್ಲೋ ಪಿಜಿಯಲ್ಲಿ ಇರುವವರಿಗೆ ಈ ಪ್ರಶ್ನೆ ಹೊಸದಲ್ಲ.

ಎಚ್ಚರ ಇದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೋಸಿನ್ ಅನ್ನುವ ರಾಸಾಯನಿಕ ಜಾಸ್ತಿಯಾಗುತ್ತಾ ಹೋಗುತ್ತದೆ, ನಿದ್ದೆ ಎಳೆಯುವುದು ಅದೇ. ಕಾಫಿಯ ಕೆಫೀನ್ ಅದು ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಸುಸ್ತು ಗೊತ್ತಾಗುವುದಿಲ್ಲ ಅಷ್ಟೇ, ಎಲ್ಲೂ ಹೋಗಿರುವುದಿಲ್ಲ. ಕುಡಿದದ್ದರಲ್ಲಿ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು, ಅಂದರೆ ಸಂಜೆ 6ಕ್ಕೆ ಕುಡಿದರೆ ರಾತ್ರಿ 11ಕ್ಕೂ ಅರ್ಧ ಒಳಗೇ ಇರುತ್ತದೆ. ಎದೆ ಢವಢವ ಅನ್ನುವವರಿಗೆ ಚಾ ವಾಸಿ, ಅದರಲ್ಲಿ ಕೆಫೀನ್ ಕಡಿಮೆ.

ಬಿಯರ್ ಕುಡಿದರೆ ಟೆನ್ಶನ್ ಇಳಿಯುತ್ತದೆ ಮಾರಾಯ ಅಂತಾರೆ. ನಿಜ, ನಿದ್ದೆಯೂ ಬೇಗ ಬರುತ್ತದೆ. ಆದರೆ ನಡುರಾತ್ರಿ ಕಳೆದ ಮೇಲೆ ಅದೇ ನಿದ್ದೆ ಒಡೆಯುತ್ತದೆ, ಕನಸು ಬೀಳುವ ನಿದ್ದೆ ಕಡಿಮೆಯಾಗುತ್ತದೆ, ಓದಿದ್ದು ಗಟ್ಟಿಯಾಗಿ ಕೂರುವುದಿಲ್ಲ, ಬೆಳಿಗ್ಗೆ ಸುಮ್ನೆ ಒಂಥರಾ ಗಾಬರಿ.

ಗೆಳೆಯ ಕೊಡುವ ಎಡಿಎಚ್‌ಡಿ (ಗಮನ ನಿಲ್ಲದ ತೊಂದರೆ) ಮಾತ್ರೆ? ಬೇಡ. ಡಾಕ್ಟರು ಬರೆದುಕೊಟ್ಟವರಿಗೆ ಅದು ಔಷಧಿ. ಉಳಿದವರಿಗೆ ಹುರುಪು ಬರಬಹುದು, ಉತ್ತರ ಬರುವುದಿಲ್ಲ. ಗಾಂಜಾ ಅಂತೂ ಈಗಷ್ಟೇ ಓದಿದ್ದನ್ನೂ ಮರೆಸುತ್ತದೆ.

ಊಟದ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಬನ್ಸ್, ಗೋಳಿಬಜೆ ಎರಡೂ ಮೈದಾ, ಎರಡೂ ಎಣ್ಣೆಯಲ್ಲಿ ಕರಿದದ್ದು, ಹೊಟ್ಟೆ ತುಂಬಾ ತಿಂದರೆ ಪುಸ್ತಕದ ಮೇಲೆಯೇ ತೂಕಡಿಕೆ. ಕುಚ್ಚಲಕ್ಕಿ ಗಂಜಿ, ಹೆಸರುಕಾಳು ಪಲ್ಯ ಸಾಕು. ಬಂಗುಡೆ ಇದ್ದರೆ ಇನ್ನೂ ಒಳ್ಳೆಯದು, ಒಮೆಗಾ-3 ಅನ್ನುವ ಒಳ್ಳೆಯ ಕೊಬ್ಬು ಇದೆ. (ಒಂದೇ ರಾತ್ರಿಯಲ್ಲಿ ಬುದ್ಧಿ ಚುರುಕಾಗುತ್ತದೆ ಅಂದ್ಕೋಬೇಡಿ.)

ನನ್ನನ್ನು ಕೇಳಿದರೆ, 4ಕ್ಕೆ ಒಂದು ಕಾಫಿ, 8ಕ್ಕೆ ಗಂಜಿ, 11ಕ್ಕೆ ಹಾಸಿಗೆ. ಉಳಿದ ಪಾಠ ಬೆಳಿಗ್ಗೆ 5ಕ್ಕೆ.