ಮಾರ್ಬಲ್ ಕ್ವೀನ್ ಮನಿಪ್ಲಾಂಟ್: ಹೊಲಿಗೆ ಮೆಷಿನ್ ಪಕ್ಕ ಎರಡು ವರ್ಷ

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಮೈಸೂರಿನ ಕುವೆಂಪುನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಮುಂದಿನ ಕೋಣೆಯೇ ಅಂಗಡಿ. ಪೂರ್ವಕ್ಕೆ ಒಂದೇ ಕಿಟಕಿ, ಅದರ ಕೆಳಗೆ ಮೆಷಿನ್. ಅಳತೆ ಕೊಡಲು ಬಂದವರ ಕಣ್ಣು ಈಗೀಗ ನನ್ನ ಡಿಸೈನ್ ಪುಸ್ತಕಕ್ಕಿಂತ ಮೊದಲು ಹೋಗುವುದು ಕಿಟಕಿ ಸರಳಿನಿಂದ ಇಳಿಬಿದ್ದ ಬಳ್ಳಿಯ ಕಡೆ. ಹಸಿರು ಎಲೆಯ ಮೇಲೆ ಯಾರೋ ಸುಣ್ಣದ ನೀರು ಚಿಮುಕಿಸಿದ ಹಾಗೆ ಬಿಳಿ. "ಪ್ಲಾಸ್ಟಿಕ್ಕಾ ಇದು?" ಅಂತ ಚಿವುಟಿ ನೋಡಿದವರೂ ಇದ್ದಾರೆ. ಹೆಸರು ಮಾರ್ಬಲ್ ಕ್ವೀನ್, ಮನಿಪ್ಲಾಂಟಿನದೇ ಒಂದು ತಳಿ. ಎಲ್ಲಿ ತಂದ್ರಿ, ಎಷ್ಟಾಯ್ತು, ನಮ್ಮನೇಲಿ ಯಾಕೆ ಬಿಳಿ ಹೋಗಿಬಿಡ್ತು ಅಂತ ಕೇಳುವವರಿಗೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದುಬಿಡುತ್ತೇನೆ.

ಇದನ್ನು ನಾನು ಎರಡು ಸಲ ಕೊಂಡೆ. ಮೊದಲನೆಯದು ಆನ್‌ಲೈನ್‌ನಲ್ಲಿ. ಮಾರ್ಚ್ ಕೊನೆ, ಯುಗಾದಿಯ ಬಿಸಿಲು. ಗಿಡಕ್ಕೆ 399 ರೂಪಾಯಿ, ತಂದುಕೊಡಲು 79. ಫೋಟೋದಲ್ಲಿ ಬಳ್ಳಿ ನೆಲ ಮುಟ್ಟುತ್ತಿತ್ತು. ಆರನೇ ದಿನ ಬಂದ ಡಬ್ಬದಲ್ಲಿ ಇದ್ದದ್ದು ನಾಲ್ಕು ಎಲೆ. ಪಾಟಿನ ಬಾಯಿಗೆ ಪ್ಲಾಸ್ಟಿಕ್ ಟೇಪು ಸುತ್ತಿದ್ದರು. ಒಳಗೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹಿಂಡಿದರೆ ನೀರು ಬರುವಷ್ಟು ಒದ್ದೆ. ಒಂದು ಎಲೆಯನ್ನು ಮುಟ್ಟಿದೆ, ಬೇಯಿಸಿದ ಸೊಪ್ಪಿನ ಹಾಗೆ ಕೈಗೇ ಬಂತು. ದುಡ್ಡು ವಾಪಸ್ ಕೇಳಿದರೆ, ಡಬ್ಬ ಬಿಚ್ಚುವಾಗ ತೆಗೆದ ವಿಡಿಯೊ ಕಳಿಸಿ ಅಂದರು. ಬ್ಲೌಸ್ ಬಿಗಿಯಾಯ್ತು ಅಂತ ಬಂದವರಿಗೆ ನಾನು, ಕವರ್ ಬಿಚ್ಚಿದ ವಿಡಿಯೊ ತನ್ನಿ ಅಂದರೆ ನನ್ನ ಅಂಗಡಿ ನಡೆಯುತ್ತಾ? ಹೆಸರು ಹೇಳಿ ಜಗಳ ಕಾಯಲು ನನಗೆ ಪುರುಸೊತ್ತಿಲ್ಲ, ಬಿಡಿ. ಬೇಸಿಗೆಯಲ್ಲಿ ಗಿಡವನ್ನು ಡಬ್ಬದಲ್ಲಿ ತರಿಸಬೇಡಿ ಅನ್ನೋದು ಮಾತ್ರ ನೆನಪಿಡಿ.

ಆ ಕೊಳೆತ ದಂಟಿನಲ್ಲಿ ಮೇಲಿನ ಒಂದು ಗಿಣ್ಣು ಗಟ್ಟಿಯಾಗಿತ್ತು. ಕರಿ ಬಣ್ಣ ಮುಗಿಯುವ ಜಾಗದಿಂದ ಒಂದು ಇಂಚು ಮೇಲೆ ಕತ್ತರಿಸಿ, ಹಾರ್ಲಿಕ್ಸ್ ಬಾಟಲಿಯ ನೀರಿನಲ್ಲಿಟ್ಟೆ. ಬೇರು ಬರುವುದು ಈ ಗಿಣ್ಣಿನಿಂದಲೇ, ಕಬ್ಬಿನ ಹಾಗೆ. ಸುಮ್ನೆ ಒಂದು ಎಲೆ ಕಿತ್ತು ನೀರಿಗೆ ಹಾಕುವವರನ್ನು ನೋಡಿದ್ದೇನೆ. ಆ ಎಲೆ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ, ಬುಡದಲ್ಲಿ ಬೇರನ್ನೂ ಬಿಡಬಹುದು. ಆದರೆ ಗಿಣ್ಣಿಲ್ಲದೆ ಬಳ್ಳಿ ಮಾತ್ರ ಹೊರಡುವುದಿಲ್ಲ. ನನ್ನ ತುಂಡಿಗೆ ಮೂರು ವಾರಕ್ಕೆ ಬೇರು ಬಂತು. ಹೊಸ ಎಲೆ ಬಿಚ್ಚಲು ಇನ್ನೂ ಎರಡು ತಿಂಗಳು ಕಾಯಿಸಿತು. ಸುರುಳಿ ಸುತ್ತಿದ ಎಲೆ ಒಂದು ಬೆಳಿಗ್ಗೆ ಬಿಚ್ಚಿದಾಗ ಅರ್ಧ ಬಿಳಿ, ಅರ್ಧ ಹಸಿರು. ಆ ಅರ್ಧದ ಗಡಿ ಮಧ್ಯದ ನರದ ಉದ್ದಕ್ಕೂ ನೇರವಾಗಿತ್ತು, ಎರಡು ಬಟ್ಟೆ ಸೇರಿಸಿ ಹೊಲಿದ ಹಾಗೆ. ಅವತ್ತೇ ಇದರ ಹುಚ್ಚು ಹಿಡಿದದ್ದು.

ಎರಡನೆಯದು ದಸರಾದಲ್ಲಿ, ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ. ಒಂದು ನರ್ಸರಿ ಮಳಿಗೆಯಲ್ಲಿ 180 ಹೇಳಿದರು, 150ಕ್ಕೆ ಕೊಟ್ಟರು. ನಾನು ಅತಿ ಬಿಳಿಯಾದ ಗಿಡವನ್ನೇ ಎತ್ತಿಕೊಂಡಿದ್ದೆ. ಮಳಿಗೆಯ ಹುಡುಗ ಅದನ್ನು ಕೈಯಿಂದ ಇಸಿದುಕೊಂಡು, "ಅಕ್ಕ, ಎಲೆ ನೋಡ್ಬೇಡಿ, ದಂಟು ನೋಡಿ" ಅಂದ. ದಂಟಿನ ಮೇಲೆ ಹಸಿರು ಮತ್ತು ಬಿಳಿ ಗೀರು ಎರಡೂ ಓಡಿದ್ದರೆ ಮುಂದೆ ಬರುವ ಎಲೆಗೂ ಎರಡೂ ಬಣ್ಣ ಸಿಗುತ್ತದೆ. ದಂಟು ಪೂರ್ತಿ ಹಸಿರಾಗಿದ್ದರೆ ಮುಂದಿನ ಎಲೆಯೂ ಬಹುತೇಕ ಹಸಿರೇ. ಸೀರೆ ಕೊಳ್ಳುವಾಗ ಅಂಚನ್ನು ಮಗುಚಿ ಹಿಂಬದಿ ನೋಡುವವಳು ನಾನು. ಗಿಡಕ್ಕೂ ಹಿಂಬದಿ ಉಂಟು ಅಂತ ಹೊಳೆದಿರಲಿಲ್ಲ. ಆ 150 ರೂಪಾಯಿಯಲ್ಲಿ 100 ಆ ಮಾತಿಗೇ ಸಂದಿತು ಅಂದುಕೊಂಡಿದ್ದೇನೆ.

ಈಗ ಮುಖ್ಯ ವಿಷಯ, ಬಿಳಿ ಯಾಕೆ ಹೋಗುತ್ತದೆ ಅನ್ನೋದು.

ಎಲೆಯಲ್ಲಿ ಬಿಳಿ ಇರುವ ಕಡೆ ಪತ್ರಹರಿತ್ತು ಇಲ್ಲ. ಪತ್ರಹರಿತ್ತು ಇಲ್ಲದಿದ್ದರೆ ಆ ಭಾಗ ಅಡುಗೆ ಮಾಡುವುದಿಲ್ಲ, ಬರೀ ಊಟಕ್ಕೆ ಕೂರುತ್ತದೆ. ಹಸಿರು ಭಾಗವೇ ದುಡಿದು ಎಲ್ಲರಿಗೂ ಬಡಿಸಬೇಕು. ನಾವು ಜಾಸ್ತಿ ದುಡ್ಡು ಕೊಟ್ಟು ತರುವುದು ಈ ಕೂತು ಉಣ್ಣುವ ಬಿಳಿಯನ್ನು! ಬೆಳಕು ಕಡಿಮೆಯಾದರೆ ಹೊಸ ಎಲೆಗಳಲ್ಲಿ ಹಸಿರು ಹೆಚ್ಚುತ್ತಾ ಹೋಗುತ್ತದೆ. ಹಸಿರು ಕವಲು ಬೇಗ ಬೆಳೆದು ಬಿಳಿ ಕವಲನ್ನು ಹಿಂದೆ ಹಾಕುತ್ತದೆ. ಗಿಡದ ಕಡೆಯಿಂದ ನೋಡಿದರೆ ಅದು ಸರಿಯೇ ಅಲ್ವಾ? ನಮಗೆ ಮಾತ್ರ ಬೇಜಾರು.

ಮೊದಲ ಮಳೆಗಾಲದಲ್ಲಿ ಪಾಟನ್ನು ದೇವರ ಗೂಡಿನ ಪಕ್ಕ ಇಟ್ಟಿದ್ದೆ, ಕಿಟಕಿಯಿಂದ ಎಂಟು ಅಡಿ ದೂರ. ಜುಲೈ, ಆಗಸ್ಟ್ ಪೂರ್ತಿ ಮೋಡ. ಸತತ ಐದು ಎಲೆ ಹಸಿರು ಬಂದವು, ಎಲ್ಲೋ ಒಂದೊಂದು ಬಿಳಿ ಚುಕ್ಕೆ. ಸೆಪ್ಟೆಂಬರಿನಲ್ಲಿ ಗಟ್ಟಿ ಮನಸ್ಸು ಮಾಡಿ, ಕೊನೆಯದಾಗಿ ಚೆನ್ನಾಗಿ ಬಿಳಿ ಬಂದಿದ್ದ ಎಲೆಯವರೆಗೆ ಬಳ್ಳಿಯನ್ನು ಕತ್ತರಿಸಿದೆ. ಹದಿನಾಲ್ಕು ಇಂಚು ಹೋಯಿತು. ಪಾಟನ್ನು ತಂದು ಕಿಟಕಿಗೇ ನೇತುಹಾಕಿದೆ. ಆ ಎಲೆಯ ಗಿಣ್ಣಿನಿಂದ ಹೊಸ ಕವಲು ಒಡೆಯಿತು, ಬಿಳಿ ಮರಳಿ ಬಂತು. ಮೊದಲೇ ಹಸಿರಾದ ಎಲೆಗಳು ಮಾತ್ರ ಕೊನೆಯವರೆಗೂ ಹಸಿರೇ. ಬಿಚ್ಚಿದ ಎಲೆ ಬಣ್ಣ ಬದಲಿಸುವುದಿಲ್ಲ, ಅದಕ್ಕಾಗಿ ಕಾಯಬೇಡಿ.

ಎಷ್ಟು ಬೆಳಕು ಸಾಕು ಅಂತ ಕೇಳುತ್ತಾರೆ. ನನ್ನದೊಂದು ಲೆಕ್ಕ ಇದೆ. ಬೆಳಿಗ್ಗೆ ಹತ್ತು ಗಂಟೆಗೆ ಟ್ಯೂಬ್‌ಲೈಟ್ ಹಾಕದೆ, ಆ ಜಾಗದಲ್ಲಿ ನಿಂತು ಒಂಬತ್ತನೇ ನಂಬರ್ ಸೂಜಿಗೆ ದಾರ ಪೋಣಿಸಿ ನೋಡಿ. ಮೊದಲ ಸಲಕ್ಕೇ ಪೋಣಿಸಿದರೆ ಅಲ್ಲಿ ಮಾರ್ಬಲ್ ಕ್ವೀನ್ ಇಡಬಹುದು. ಕಣ್ಣು ಕಿರಿದು ಮಾಡಬೇಕಾದರೆ ಅಲ್ಲಿಗೆ ಸಾದಾ ಹಸಿರು ಮನಿಪ್ಲಾಂಟೇ ಸರಿ. (ಚಾಳೀಸು ಬಂದವರು ಮಕ್ಕಳ ಕೈಲಿ ಪೋಣಿಸಿ.) ಹಾಗಂತ ನೇರ ಬಿಸಿಲಿಗೆ ಇಡಬೇಡಿ. ಬೆಳಗಿನ ಎಳೆ ಬಿಸಿಲು ಒಂದು ಗಂಟೆ ಬಿದ್ದರೆ ಏನೂ ಆಗುವುದಿಲ್ಲ. ಪಕ್ಕದ ಮನೆಯವರು ಪಶ್ಚಿಮದ ಬಾಲ್ಕನಿಯಲ್ಲಿಟ್ಟು ಏಪ್ರಿಲ್‌ನಲ್ಲಿ ಎಲೆ ಸುಟ್ಟುಕೊಂಡರು. ಇಸ್ತ್ರಿ ಪೆಟ್ಟಿಗೆ ತಾಗಿದ ಬಟ್ಟೆ ಇದ್ದಹಾಗೇ ಕಂದು ಕಲೆ, ಅದೂ ಬಿಳಿ ಭಾಗದಲ್ಲೇ ಮೊದಲು.

ನೀರಿನ ಪಾಠ ಕಲಿಸಿದ್ದು ಗೌರಿ ಹಬ್ಬ. ಆ ಸೀಸನ್‌ನಲ್ಲಿ ನನಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಅದಕ್ಕೆ ಮುಂಚೆ ದಿನಾ ಬೆಳಿಗ್ಗೆ ತುಳಸಿಗೆ ಹಾಕಿದ ಚೊಂಬಿನಲ್ಲೇ ಇದಕ್ಕೂ ಒಂದಿಷ್ಟು ಸುರಿಯುತ್ತಿದ್ದೆ. ಕೆಳಗಿನ ಎಲೆ ಒಂದೊಂದೇ ಹಳದಿಯಾಗುತ್ತಿದ್ದವು. ನೀರು ಸಾಲದೇನೋ ಅಂತ ಇನ್ನೂ ಹಾಕಿದೆ! ಹಬ್ಬದ ಗಲಾಟೆಯಲ್ಲಿ ಹನ್ನೆರಡು ದಿನ ಗಿಡದ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ನೋಡಿದರೆ ಹಳದಿ ನಿಂತಿತ್ತು, ತುದಿಯಲ್ಲಿ ಹೊಸ ಸುರುಳಿ ಎದ್ದಿತ್ತು. ಬಿಳಿ ಜಾಸ್ತಿ ಇರುವ ಗಿಡ ನಿಧಾನ ಬೆಳೆಯುತ್ತದೆ, ನಿಧಾನ ಬೆಳೆಯುವುದಕ್ಕೆ ನೀರೂ ಕಡಿಮೆ ಸಾಕು. ಈಗ ಬೆರಳನ್ನು ಎರಡು ಗೆರೆ ಆಳಕ್ಕೆ ಮಣ್ಣಿಗೆ ಇಳಿಸುತ್ತೇನೆ, ಒಣಗಿದ್ದರೆ ಮಾತ್ರ ನೀರು. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಆಗಬಹುದು. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ.

ಮಣ್ಣಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಪ್ಪು ಕವರಿನಲ್ಲಿ ಬರುವ ಅಂಟು ಕೆಮ್ಮಣ್ಣಿನಲ್ಲೇ ಬಿಡಬೇಡಿ. ಅದು ಒಣಗಿದರೆ ಇಟ್ಟಿಗೆ, ನೆನೆದರೆ ಕೆಸರು. ಕೋಕೋಪೀಟ್, ದಪ್ಪ ಮರಳು, ಎರೆಹುಳು ಗೊಬ್ಬರ ಸಮಸಮ ಬೆರೆಸಿದ್ದೇನೆ. ಪಾಟಿನ ತಳದಲ್ಲಿ ತೂತಿರಲಿ, ಅಷ್ಟೇ.

ಇಂಚು ಟೇಪು ಸದಾ ಕೊರಳಲ್ಲೇ ಇರುವುದರಿಂದ ಅಳೆಯುವ ಚಟ ನನಗೆ. ಕಳೆದ ಜೂನ್ ಮತ್ತು ಜುಲೈ ಸೇರಿ ಬಾಲ್ಕನಿಯ ಹಸಿರು ಮನಿಪ್ಲಾಂಟ್ 22 ಇಂಚು ಹೋಯಿತು. ಒಳಗಿನ ರಾಣಿ 7. ಬೇಗ ಗೋಡೆ ತುಂಬಬೇಕು ಅನ್ನುವವರು ಈ ತಳಿಯ ತಂಟೆಗೇ ಹೋಗಬೇಡಿ. ಇನ್ನೊಂದು ವಿಷಯ, ಇಳಿಬಿಟ್ಟ ಬಳ್ಳಿಯಲ್ಲಿ ಎಲೆ ಬರುಬರುತ್ತಾ ಚಿಕ್ಕದಾಗುತ್ತದೆ. ನನ್ನದರಲ್ಲಿ ಪಾಟಿನ ಬಾಯಲ್ಲಿ ನಾಲ್ಕು ಇಂಚಿನ ಎಲೆ, ತುದಿಯಲ್ಲಿ ಎರಡೂವರೆ. ಇದು ರೋಗ ಅಲ್ಲ. ಮನಿಪ್ಲಾಂಟಿನ ಮೂಲ ಪೆಸಿಫಿಕ್ ಸಾಗರದ ಮೊರಿಯಾ ದ್ವೀಪ, ಹುಟ್ಟಿನಿಂದಲೇ ಮರ ಹತ್ತುವ ಜಾತಿ. ಹತ್ತಿದರೆ ಎಲೆ ದೊಡ್ಡದಾಗುತ್ತದೆ. ಹುಣಸೂರಿನ ಹತ್ತಿರ ನನ್ನ ತವರಿನಲ್ಲಿ ತೆಂಗಿನ ಮರಕ್ಕೆ ಹಬ್ಬಿದ ಮನಿಪ್ಲಾಂಟಿನ ಎಲೆ ಮೊರದಷ್ಟಿದೆ. ಅದೂ ಇದೂ ಒಂದೇ ಜಾತಿ ಅಂದರೆ ನಮ್ಮಮ್ಮ ಇವತ್ತಿಗೂ ನಂಬುವುದಿಲ್ಲ.

ಕಳೆದ ವರ್ಷ ಒಂದು ಕವಲು ಪೂರ್ತಿ ಬಿಳಿ ಬಂತು. ಹಸಿರಿನ ಸುಳಿವೂ ಇಲ್ಲ, ಮಲ್ಲಿಗೆ ದಂಡೆಯ ಹಾಗೆ ಆರು ಎಲೆ. ಬಂದವರೆಲ್ಲ ಫೋಟೋ ತೆಗೆದರು. ಅದನ್ನು ಬೇರೆ ಪಾಟಿಗೆ ಹಾಕಿ ಪೂರ್ತಿ ಬಿಳಿ ಗಿಡ ಮಾಡಬೇಕು ಅಂತ ನನಗೆ ಆಸೆ. ಬಿಎಸ್ಸಿ ಓದುವ ಮಗಳು, "ಬೇಡಮ್ಮ, ಅದು ತಾಯಿ ಮನೆ ಊಟದಲ್ಲಿ ಬದುಕಿರೋದು" ಅಂದಳು. ಕೇಳಲಿಲ್ಲ ನಾನು. ಕತ್ತರಿಸಿ ನೀರಿಗಿಟ್ಟೆ. ಮೂರು ವಾರ ಹಾಗೇ ಇತ್ತು. ಆಮೇಲೆ ಎಲೆಯ ಅಂಚು ಕಂದಾಗಿ, ಒಂದೊಂದೇ ಒಳಕ್ಕೆ ಮುದುಡಿ ಹೋದವು. ಬೇರು ಒಂದು ಎಳೆ ಬಂದಿತ್ತು, ಮೆಷಿನ್ ದಾರದಷ್ಟು ತೆಳು. ಮಗಳು ಏನೂ ಹೇಳಲಿಲ್ಲ, ಬಾಟಲಿ ತೊಳೆದಿಟ್ಟಳು.

ಹುಳದ ಕಾಟ ಒಂದೇ ಸಲ. ಎಲೆ ದಂಟಿಗೆ ಸೇರುವ ಸಂದಿಯಲ್ಲಿ ಹತ್ತಿಯ ಎಳೆ ಅಂಟಿದ ಹಾಗೆ ಕಂಡಿತು. ಬಟ್ಟೆಯ ನೂಲೇ ಇರಬೇಕು ಅಂತ ಒಂದು ವಾರ ಸುಮ್ಮನಿದ್ದೆ. ಹೊಲಿಯುವ ಮನೆಯಲ್ಲಿ ನೂಲು ಎಲ್ಲಿರಲ್ಲ ಹೇಳಿ! ಅದು ಹಿಟ್ಟು ತಿಗಣೆ. ಹತ್ತಿಗೆ ಸ್ಪಿರಿಟ್ ಅದ್ದಿ ಒಂದೊಂದನ್ನೇ ಒರೆಸಿದೆ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ, ವಾರಕ್ಕೊಮ್ಮೆ ಸಂಜೆ ಹೊತ್ತು ಸಿಂಪಡಿಸಿದೆ. ನಾಲ್ಕು ವಾರಕ್ಕೆ ಹೋಯಿತು.

ಮಾರುವವರು ಹೇಳುವ ಎರಡು ಮಾತಿನ ಬಗ್ಗೆಯೂ ಹೇಳಬೇಕು. ಮೊದಲ ಗಿಡದ ಡಬ್ಬದಲ್ಲಿ ಒಂದು ಚೀಟಿ ಇತ್ತು, ಗಾಳಿ ಶುದ್ಧ ಮಾಡುತ್ತದೆ, ನಾಸಾದವರೇ ಹೇಳಿದ್ದಾರೆ ಅಂತ. ನಾಸಾದ ಆ ಪ್ರಯೋಗ 1989ರದ್ದು, ಮುಚ್ಚಿದ ಪೆಟ್ಟಿಗೆಯೊಳಗೆ ಮಾಡಿದ್ದು. ಕಿಟಕಿ ಬಾಗಿಲು ಇರುವ ಮನೆಯಲ್ಲಿ ಒಂದು ಪಾಟಿನಿಂದ ಏನೂ ಆಗುವುದಿಲ್ಲ. ಕಿಟಕಿ ತೆಗೆದರೆ ಅದಕ್ಕಿಂತ ಜಾಸ್ತಿ ಕೆಲಸವಾಗುತ್ತದೆ. ಇನ್ನೊಂದು, ಚೆನ್ನಾಗಿ ನೋಡಿಕೊಂಡರೆ ಹೂ ಬಿಡುತ್ತದೆ ಅನ್ನೋದು. ಹೂ ಬಿಡಲು ಬೇಕಾದ ಜಿಬ್ಬರೆಲಿನ್ ಅನ್ನೋ ಹಾರ್ಮೋನು ಮನಿಪ್ಲಾಂಟಿನಲ್ಲಿ ಸಾಕಷ್ಟು ತಯಾರಾಗುವುದಿಲ್ಲ ಅಂತ 2016ರಲ್ಲಿ ಸಂಶೋಧಕರು ತೋರಿಸಿದ್ದನ್ನು ಮಗಳು ಓದಿ ಹೇಳಿದಳು. ಹಾಗಾಗಿ ನಿಮ್ಮನೆ ಬಳ್ಳಿ, ನಮ್ಮನೆ ಬಳ್ಳಿ ಎಲ್ಲವೂ ಯಾವುದೋ ಬಳ್ಳಿಯ ತುಂಡಿನ ತುಂಡು.

ಅವರು ಹೇಳದೇ ಬಿಡುವ ಮಾತೊಂದಿದೆ. ಇದು ಕೆಸುವಿನ ಕುಟುಂಬದ್ದು. ಹಸಿ ಕೆಸುವಿನ ಎಲೆ ಬಾಯಿಗೆ ಹಾಕಿದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಇದರಲ್ಲೂ ಅದೇ ಸೂಜಿಯಂಥ ಹರಳುಗಳಿವೆ, ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಅಂಬೆಗಾಲಿಡುವ ಮಗು, ಎಲೆ ಕಚ್ಚುವ ಬೆಕ್ಕು ಇರುವ ಮನೆಯಲ್ಲಿ ಬಳ್ಳಿ ಕೈಗೆಟುಕದ ಎತ್ತರದಲ್ಲಿರಲಿ. ಅಳತೆಗೆ ಬಂದವರ ಮಕ್ಕಳು ಎಳೆಯುತ್ತಾರೆ ಅಂತ ನಾನು ತುದಿಯನ್ನು ಆಗಾಗ ಕತ್ತರಿಸುತ್ತೇನೆ. ಕತ್ತರಿಸಿದ ಕಡೆ ಕವಲೂ ಒಡೆಯುತ್ತದೆ, ಬುಡ ತುಂಬಿಕೊಳ್ಳುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ ಈ ಗಿಡಕ್ಕೆ. ಒಂದು ಕಳೆದದ್ದು ನಿಧಾನಕ್ಕೆ. ಆನ್‌ಲೈನ್ ಡಬ್ಬಕ್ಕೆ ಒಂದು, ಆ ಒಂದು ಗಿಣ್ಣಿನ ಲೆಕ್ಕದಲ್ಲಿ.

ಕತ್ತರಿಸಿದ ತುದಿಗಳನ್ನು ಕೇಳಿದವರಿಗೆಲ್ಲ ಸುಮ್ನೆ ಕೊಡುತ್ತೇನೆ. ಮೊನ್ನೆ ಸೀರೆಗೆ ಫಾಲ್ ಹಾಕಿಸಲು ಬಂದ ಮೇಡಂ ಒಬ್ಬರಿಗೆ ಒಂದು ತುಂಡು ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡರು. "ಕೊಟ್ಟಿದ್ದು ಬೇಡಮ್ಮಾ, ಮನಿಪ್ಲಾಂಟು ಕದ್ದು ತಗೊಂಡೋದ್ರೇನೆ ಬರೋದು. ನೀವು ಸ್ವಲ್ಪ ಆ ಕಡೆ ತಿರುಗ್ಕೊಳಿ" ಅಂದರು. ಸರಿ, ತಿರುಗಿ ನಿಂತೆ. ಸೂಜಿಗೆ ದಾರ ಪೋಣಿಸುತ್ತಾ, "ಎಡಗಡೆಯಿಂದ ಮೂರನೇದು ತಗೊಳಿ ಮೇಡಂ, ದಂಟಲ್ಲಿ ಗೀರಿದೆ. ಗಿಣ್ಣಿನ ಕೆಳಗೆ ಕತ್ತರಿಸಿ. ಕತ್ತರಿ ಮೆಷಿನ್ ಮೇಲಿದೆ" ಅಂದೆ.