ಎ.ಎ. ಸಭೆಯೋ, ನವಜೀವನ ಸಮಿತಿಯೋ?

ಕುಡಿತ ಬಿಡಲು ಜೊತೆ ಬೇಕು. ಯಾವ ಜೊತೆ ಎಂಬುದೇ ಪ್ರಶ್ನೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ಗೆ (ಎ.ಎ.) ಶುಲ್ಕವಿಲ್ಲ, ಊರು-ಕೆಲಸ ಹೇಳಬೇಕಿಲ್ಲ. ಮುಕ್ತ ಸಭೆಗೆ ಹೆಂಡತಿ, ಅಣ್ಣ ಯಾರಾದರೂ ಬರಬಹುದು. ಮುಚ್ಚಿದ ಸಭೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಮೊದಲ ದಿನ ಹಿಂದಿನ ಕುರ್ಚಿಯಲ್ಲಿ ಕುಳಿತು ಸುಮ್ಮನೆ ಕೇಳಿದರೂ ಸಾಕು.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿಯ ಬಗೆಯೇ ಬೇರೆ. ಅಲ್ಲಿ ಗುಟ್ಟಿಲ್ಲ, ಪರಿಚಿತ ಮುಖಗಳೇ ಕಾವಲು. ಹಳ್ಳಿಯಲ್ಲಿ ಅದೇ ಬಲ, ಕೆಲವರಿಗೆ ಅದೇ ಮುಜುಗರ.

ನಗರದಲ್ಲಿ ಒಂಟಿಯಾಗಿರುವವರಿಗೆ ನಾನು ಎ.ಎ.ಯನ್ನೇ ಸೂಚಿಸುತ್ತೇನೆ. ಮೊದಲ ಸಭೆ ಹಿಡಿಸದಿದ್ದರೆ ಇನ್ನೆರಡು ಕಡೆ ಹೋಗಿ ನೋಡಿ. ಒಂದು ಗುಂಪಿನಂತೆ ಇನ್ನೊಂದಿಲ್ಲ. ಕುಡಿಯದ ದಿನ ಕೈ ನಡುಗುತ್ತಿದ್ದರೆ ಮಾತ್ರ ಮೊದಲು ವೈದ್ಯರು, ಆಮೇಲೆ ಸಭೆ.